ಧರೆಯ ಕೆಳಗಿನ ಪಾಠ

ನಾವು ಕೆಂಪುಕಲ್ಲು ಹೊತ್ತವರ ಮಕ್ಕಳು. ನಮ್ಮ ಅಪ್ಪ ಅಮ್ಮಂದಿರು ಪುತ್ತೂರು, ಸುಳ್ಯ, ಕಡಬದ ಮನೆಗಳಿಗೆ ಪಾಯ ತೆಗೆದರು, ಬಾವಿ ತೋಡಿದರು, ಧರೆ ಕಡಿದರು. ಆ ಮನೆಗಳ ಜಗಲಿ ಮೇಲೆ ಮಾತ್ರ ಕೂರಲಿಲ್ಲ.

ಸುಳ್ಯಕ್ಕೆ 1986ರಲ್ಲಿ, ಪುತ್ತೂರಿಗೆ 2001ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ನಮ್ಮಲ್ಲಿ ಕೆಲವರು ಬಿ.ಎ. ಮಾಡಿ ಕವಿತೆ ಬರೆದೆವು, ಕೆಲವರು ಸಿವಿಲ್ ಸೇರಿದೆವು. ಹಾರೆಯಿದ್ದ ಮನೆಗೆ ಡ್ರಾಯಿಂಗ್ ಶೀಟು ಬಂತು. ಒಳ್ಳೆಯದೇ. ಆದರೆ ಒಂದು ಮಾತು ಕೇಳಬೇಕು: ನಮ್ಮನ್ನು ಯಾರ ಪರವಾಗಿ ತಯಾರು ಮಾಡುತ್ತಿದ್ದೀರಿ?

ಆಟೋಕ್ಯಾಡ್ ಕಲಿಸ್ತಾರೆ, ಇಂಟರ್‌ವ್ಯೂ ಇಂಗ್ಲಿಷು ಕಲಿಸ್ತಾರೆ, ಇಂಟರ್ನ್‌ಶಿಪ್ಪಿಗೆ ಕಳಿಸ್ತಾರೆ. ಅದೆಲ್ಲ ಬೇಕು. ನಮಗಂತೂ ಹೆಚ್ಚೇ ಬೇಕು, ಕೆಲಸ ಕೊಡಿಸುವ ಮಾವ ನಮಗೆ ಯಾವ ಕಂಪೆನಿಯಲ್ಲೂ ಇಲ್ಲ. ಆದರೆ ಗುಂಡಿಯಲ್ಲಿ ನಿಂತವನ ಜೀವದ ಪಾಠ ಎಲ್ಲುಂಟು?

2023ರ ಮಾರ್ಚ್. ಮಳೆಗಾಲ ಇನ್ನೂ ದೂರ. ಸುಳ್ಯದ ಗುರುಂಪಿನಲ್ಲಿ ತಡೆಗೋಡೆ ಕೆಲಸಕ್ಕಿದ್ದ ಮೂವರು ಕೂಲಿಗಳ ಮೇಲೆ ಮಣ್ಣು ಜರಿಯಿತು. ಮೂವರೂ ಸತ್ತರು. ಮಣ್ಣು ತಡೆಯುವ ಗೋಡೆ ಕಟ್ಟಲು ಬಂದವರ ಮೇಲೇ ಮಣ್ಣು ಬಿತ್ತು.

ಇಂಥ ಸಾವನ್ನು ಹಣೆಬರಹ ಅಂತ ಬಿಡಲಾಗದು. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಗೋಡೆ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಕೈಬಿಡುತ್ತದೆ. ಪುಸ್ತಕ ಅದನ್ನೇ ಲಿಥೋಮಾರ್ಜ್ ಅನ್ನುತ್ತದೆ. ಮಣ್ಣಿನಲ್ಲಿ ಒಂದೂವರೆ ಮೀಟರಿಗಿಂತ ಆಳದ ಕಾಲುವೆ ತೋಡಿದರೆ ಬದಿಗಳಿಗೆ ಹಲಗೆ, ಮರದ ಆಧಾರ ಕೊಡಬೇಕು, ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು ಎಂದು ಐಎಸ್ 3764 ಹೇಳುತ್ತದೆ. ಅಗೆಯುವವರಿಗೆ ಶೇಡಿ ಗೊತ್ತು, ಕೋಡ್ ಗೊತ್ತಿಲ್ಲ. ಕೋಡ್ ಓದಿದವರು ಶೇಡಿ ಮುಟ್ಟಿಲ್ಲ. ನಮಗೆ ಮಾತ್ರ ಎರಡೂ ದಕ್ಕಿವೆ. ಒಂದು ಅಪ್ಪನ ಬೆನ್ನಿನಿಂದ, ಇನ್ನೊಂದು ಕ್ಲಾಸಿನಿಂದ.

ಹಾಗಾಗಿ ಇಂಟರ್ನ್‌ಶಿಪ್ಪಿನ ಮೊದಲ ವಾರ ಎಸಿ ರೂಮಿನಲ್ಲಿ ಬೇಡ, ಗುಂಡಿಯ ಬದಿಯಲ್ಲಿರಲಿ, ಮೇಸ್ತ್ರಿಯ ಜೊತೆ. ಕಟ್ಟಡ ಕಾರ್ಮಿಕರ ಕಾನೂನು ಓದಿಸಿ. ವರ್ಷದಲ್ಲಿ 90 ದಿನ ದುಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು ಎಂಬುದನ್ನು ಸೈಟಿನಲ್ಲಿ ತುಳುವಿನಲ್ಲಿ ಹೇಳಲು ಕಲಿಸಿ. 'ಕೆಲಸ ನಿಲ್ಲಿಸಿ' ಎಂದು ಸೈಟಿನ ಪುಸ್ತಕದಲ್ಲಿ ಬರೆದು ಸಹಿ ಹಾಕಲು ಕಲಿಸಿ.

ಸುಲಭ ಅಲ್ಲ ಮಾರಾಯ್ರೆ. ಮನೆಯಲ್ಲಿ ಸಾಲ ಉಂಟು. ಕಂಟ್ರಾಕ್ಟರಿಗೆ ಎದುರು ಮಾತಾಡಿದರೆ ನಾಳೆ ಕೆಲಸ ಇಲ್ಲ. ಅದಕ್ಕೇ ಇದನ್ನು ಒಬ್ಬ ಹುಡುಗಿಯ, ಒಬ್ಬ ಹುಡುಗನ ಧೈರ್ಯಕ್ಕೆ ಬಿಡಬಾರದು. ಕಲಿಸಿದ ಕಾಲೇಜು, ಮೇಲಿನ ಇಂಜಿನಿಯರು ಬೆನ್ನಿಗೆ ನಿಲ್ಲಬೇಕು.

ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸನೇ ಕಡಿಸಿದ ಎಂದು ತುಳು ಪಾಡ್ದನ ಹೇಳುತ್ತದೆ. ಆಮೇಲೆ ಅವನು ದೈವವಾದ, ನಾವು ಕೋಲ ಕೊಟ್ಟೆವು. ಕಟ್ಟುವವರು ಸತ್ತು ದೈವ ಆಗುವುದು ನಮಗೆ ಬೇಡ. ಸಂಜೆ ಕೈಕಾಲು ತೊಳೆದು ಮನೆಗೆ ಬರಲಿ.