ಹಾಸಿಗೆ ಹಿಡಿದವರ ಮೂತ್ರದ ತೊಂದರೆ

ಹಾಸಿಗೆ ಹಿಡಿದ ರೋಗಿ ನೀರು ಕುಡಿಯುವುದನ್ನು ಕಡಿಮೆ ಮಾಡಲು ಎಷ್ಟೋ ಸಲ ಸಂಕೋಚವೇ ಕಾರಣ. ರಾತ್ರಿ ಒಂದಕ್ಕೆ ಮಗನನ್ನು ಎಬ್ಬಿಸಬೇಕಲ್ಲ, ಸೊಸೆಯ ಕೈಯಲ್ಲಿ ಬೆಡ್‌ಪ್ಯಾನ್ ಹಿಡಿಸಬೇಕಲ್ಲ ಎಂದುಕೊಂಡು ಲೋಟವನ್ನು ಅತ್ತ ಸರಿಸಿಬಿಡುತ್ತಾರೆ. ನೀರು ಕಡಿಮೆಯಾದಷ್ಟೂ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ, ಸೋಂಕು ತಗಲುವುದು ಸುಲಭವಾಗುತ್ತದೆ, ಮಲವೂ ಗಟ್ಟಿಯಾಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ವೈದ್ಯರು ನೀರಿಗೆ ಮಿತಿ ಹಾಕಿರದಿದ್ದರೆ, ಹಗಲಿಡೀ ಗುಟುಕು ಗುಟುಕಾಗಿ ಕುಡಿಸುತ್ತಿರುವುದು ಒಳ್ಳೆಯದು.

ಮನೆಯವರ ಕಣ್ಣಿಗೆ ಸುಲಭವಾಗಿ ಬೀಳದ ತೊಂದರೆಯೆಂದರೆ ಮೂತ್ರ ಕಟ್ಟುವುದು. ಮೂತ್ರಕೋಶದಲ್ಲಿ ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುತ್ತದೆ, ಕಟ್ಟಿದಾಗ ಒಂದು ಲೀಟರಿಗೂ ಮಿಕ್ಕಿ ನಿಲ್ಲಬಹುದು. ಪ್ರಾಸ್ಟೇಟ್ ಗ್ರಂಥಿ ಊದಿದ್ದರೆ, ನೋವಿಗೆ ಮಾರ್ಫಿನ್ ಕೊಡುತ್ತಿದ್ದರೆ, ಮಲ ಕಟ್ಟಿಕೊಂಡಿದ್ದರೆ ಹೀಗಾಗುತ್ತದೆ. ತುಂಬಿದ ಮೂತ್ರಕೋಶದಿಂದ ಆಗಾಗ ತೊಟ್ಟಿಕ್ಕುವುದೂ ಉಂಟು; ಬಟ್ಟೆ ಒದ್ದೆಯಾಗಿರುವುದರಿಂದ ಮೂತ್ರ ಹೋಗುತ್ತಿದೆಯೆಂದೇ ಮನೆಯವರು ನಂಬುತ್ತಾರೆ. ಮಾತು ನಿಂತ ರೋಗಿ ಹೊದಿಕೆ ಎಳೆದಾಡುತ್ತಾ, ಕಾಲು ಮಡಚುತ್ತಾ, ನರಳುತ್ತಾ ಚಡಪಡಿಸಿದರೆ ನಿದ್ರೆ ಮಾತ್ರೆಯ ಮಾತಿಗೆ ಮೊದಲು ಹೊಕ್ಕುಳ ಕೆಳಗೆ ಮೆಲ್ಲಗೆ ಕೈಯಿಟ್ಟು ನೋಡಬೇಕು. ಅಲ್ಲಿ ಗಟ್ಟಿಯಾದ ಉಬ್ಬು ಸಿಕ್ಕಿದರೆ ಕಾರಣ ಬಹುಮಟ್ಟಿಗೆ ಅದೇ.

ಮಲಗಿದಲ್ಲೇ ಮೂತ್ರ ಮಾಡುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಹಿಡಿದು ಕೂರಿಸಿ, ಸಾಧ್ಯವಾದರೆ ಕಮೋಡ್ ಕುರ್ಚಿಗೆ ತಂದು, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಬೇಕು. ಬೀಳುವ ಭಯವಿದ್ದರೆ ಮುಖ ತಿರುಗಿಸಿ ಹತ್ತಿರವೇ ನಿಂತರಾಯಿತು. ನಲ್ಲಿ ತಿರುಗಿಸಿದ ಸದ್ದು, ಕಿಬ್ಬೊಟ್ಟೆಯ ಮೇಲೆ ಬೆಚ್ಚಗಿನ ಬಟ್ಟೆ ನೆರವಾಗಬಹುದು. ಇಷ್ಟಾದರೂ ಆಗದೆ ನೋವಿದ್ದರೆ ತಡಮಾಡದೆ ನರ್ಸ್ ಅಥವಾ ವೈದ್ಯರನ್ನು ಕರೆಸಬೇಕು. ಜತೆಗೆ ಕಾಲುಗಳ ಬಲ ಹಠಾತ್ತಾಗಿ ಕುಗ್ಗಿದ್ದರೆ ಬೆನ್ನುಹುರಿಗೆ ಒತ್ತಡ ಬಿದ್ದಿರುವ ಸಂಭವವಿದೆ. ಆಗ ಆಸ್ಪತ್ರೆಗೇ ಒಯ್ಯಬೇಕು.

ಕಟ್ಟಿದ ಮೂತ್ರ ಹೊರಹೋಗಲು ನರ್ಸ್ ಅಥವಾ ವೈದ್ಯರು ಪೈಪು (ಕ್ಯಾತಿಟರ್) ಹಾಕಿದ ಮೇಲೆ ಮೂತ್ರ ಸೇರುವ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಮಗ್ಗುಲು ಬದಲಿಸುವಾಗ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಡುವುದು ಎಲ್ಲ ಕಡೆ ಕಾಣುವ ತಪ್ಪು: ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಚೀಲಕ್ಕೆ ಮೂತ್ರ ಬರುವುದು ನಿಂತರೆ ಪೈಪು ತೊಡೆಯಡಿ ಸಿಕ್ಕಿ ಮಡಚಿದೆಯೇ ಎಂದು ಮೊದಲು ನೋಡಬೇಕು. ಒಳಗೆ ನೀರು ತುಂಬಿದ ಬಲೂನು ಅದನ್ನು ಹಿಡಿದಿರುವುದರಿಂದ ಎಳೆಯಲೇಬಾರದು. ಪೈಪು ಒಳಹೋಗುವ ಜಾಗವನ್ನು ದಿನವೂ ಸೋಪು-ನೀರಿನಿಂದ ತೊಳೆಯಬೇಕು. ಜ್ವರ, ಚಳಿನಡುಕ, ರಕ್ತ ಕಂಡರೆ ವೈದ್ಯರಿಗೆ ತಿಳಿಸಬೇಕು.

ಮೂತ್ರ ಕಟ್ಟದೆ ಬರೀ ಸೋರುವವರಿಗೆ ಡೈಪರ್ ಸಾಕು. ಗಂಡಸರಿಗೆ ಹೊರಗಿನಿಂದ ತೊಡಿಸುವ ಕಾಂಡೋಮ್ ಕ್ಯಾತಿಟರ್ ಕೂಡ ಇದೆ. ಒದ್ದೆ ಬಟ್ಟೆಯಲ್ಲಿ ಬಿಟ್ಟರೆ ಮಾತ್ರ ಚರ್ಮ ಕೆಟ್ಟು ಹುಣ್ಣಾಗುತ್ತದೆ.

ಕೊನೆಯ ದಿನಗಳಲ್ಲಿ ಮೂತ್ರ ತಾನಾಗಿ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗುತ್ತದೆ. ಅದು ಆರೈಕೆಯ ಲೋಪವಲ್ಲ. ನುಂಗಲಾರದವರಿಗೆ ಒತ್ತಾಯದಿಂದ ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿದೀತು. ತುಟಿ ಒದ್ದೆ ಮಾಡಿದರೆ ಸಾಕು. ಆದರೆ ಆಗಲೂ ಕಿಬ್ಬೊಟ್ಟೆ ಉಬ್ಬಿ ರೋಗಿ ನರಳುತ್ತಿದ್ದರೆ ಸಾವಿನ ಸಹಜ ಲಕ್ಷಣವೆಂದು ಬಿಡದೆ ನರ್ಸನ್ನು ಕರೆಯಬೇಕು. ಪೈಪು ಹಾಕಿದರೆ ಆ ಸಂಕಟ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ.