ಬೊಂಬೆಯ ಬಾಯಿ

ನೀವು ಯಾವತ್ತಾದರೂ ಕನ್ನಡಿಯ ಮುಂದೆ ನಿಂತು ‘ಬೆಲ್ಲ’ ಅಂತ ಹೇಳಿ ನೋಡಿದ್ದೀರಾ? ನಗಬೇಡಿ, ಒಂದು ಸಲ ಹೇಳಿ ನೋಡಿ. ಎರಡು ತುಟಿಯೂ ಮೊದಲು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಆಮೇಲೆ ಬಿಡುತ್ತವೆ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಕ್ಕೆ ಹೋಗಿ ಒಂದು ಚಣ ನಿಲ್ಲುತ್ತದೆ. ಕೊನೆಗೆ ಬಾಯಿ ಸ್ವಲ್ಪ ತೆರೆಯುತ್ತದೆ. ಹುಟ್ಟಿದಾಗಿನಿಂದ ಬೆಲ್ಲ ತಿಂದುಕೊಂಡು ಬಂದ ನನಗೆ ಇದು ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ಬೊಂಬೆಯ ದೆಸೆಯಿಂದ.

ಬೊಂಬೆ ಅಂದರೆ ದಸರಾ ಬೊಂಬೆ ಅಲ್ಲ, ನನ್ನ ಸೊಸೆಯ ಕಂಪ್ಯೂಟರಿನ ಬೊಂಬೆ. ಅವಳ ಕೆಲಸ ಏನು ಅಂತ ಅಕ್ಕಪಕ್ಕದವರು ಕೇಳಿದರೆ ‘ಕಂಪ್ಯೂಟರ್ ಕೆಲಸ’ ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ನನಗೇ ಗೊತ್ತಿರಲಿಲ್ಲವಲ್ಲ! ಈಗ ಹೇಳುತ್ತೇನೆ ಕೇಳಿ. ದೊಡ್ಡ ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಪಾಠ ಹೇಳಿಸುತ್ತವೆ. ಬೆಂಕಿ ಬಿದ್ದರೆ ಏನು ಮಾಡಬೇಕು, ಗಿರಾಕಿಯ ಹತ್ತಿರ ಹೇಗೆ ಮಾತಾಡಬೇಕು, ಇಂಥವು. ಮೇಷ್ಟ್ರಿಲ್ಲ, ಕ್ಲಾಸಿಲ್ಲ. ಪರದೆಯ ಮೇಲೆ ಒಂದಾದ ಮೇಲೆ ಒಂದು ಸ್ಲೈಡು ಬರುತ್ತದೆ. ಅದರ ಮೂಲೆಯಲ್ಲಿ ಒಬ್ಬಳು ಬೊಂಬೆ ಹುಡುಗಿ ನಿಂತು ಕೈ ತೋರಿಸುತ್ತಾ ಮಾತಾಡುತ್ತಾಳೆ. ಇದಕ್ಕೆ ಇ-ಲರ್ನಿಂಗ್ ಅಂತ ಹೆಸರು. ಆ ಹುಡುಗಿ ಕಣ್ಣು ಮಿಟುಕಿಸುವ ಹಾಗೆ, ಕೈ ಎತ್ತುವ ಹಾಗೆ, ಮಾತಾಡುವ ಹಾಗೆ ಮಾಡುವುದು ನನ್ನ ಸೊಸೆಯ ಕಸುಬು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ಗೆ ಸ್ವಲ್ಪ ಮುಂಚೆ ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ತಿಪಟೂರಿನ ನಮ್ಮ ಮನೆಗೆ ಬಂದರು. ಹದಿನೈದು ದಿನ ಇದ್ದು ಹೋಗುವುದು ಅಂತ ಬಂದವರು ಒಂದೂವರೆ ವರ್ಷ ಇದ್ದರು. ಕೊಬ್ಬರಿ ಹಾಕುತ್ತಿದ್ದ ಕೋಣೆಯನ್ನು ತೆರವು ಮಾಡಿ ಸೊಸೆಯ ಮೇಜು ಹಾಕಿಸಿದೆವು.

ನಮ್ಮ ಪುಟ್ಟಿಗೆ ಹುಟ್ಟಿನಿಂದಲೇ ಎರಡೂ ಕಿವಿ ಮಂದ. ಒಂದೂವರೆ ವರ್ಷವಾದರೂ ಕರೆದರೆ ತಿರುಗುವುದಿಲ್ಲ ಅಂತ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ಗೊತ್ತಾಯಿತು. ಕಿವಿಗೆ ಯಂತ್ರ ಹಾಕಿದ ಮೇಲೆ ‘ಆ’, ‘ಓ’ ಅಂಥ ದಪ್ಪ ಸ್ವರಗಳು ಕೇಳುತ್ತವೆ. ‘ಸ’, ‘ಶ’ ಅನ್ನುವ ಸಣ್ಣ ಶಬ್ದಗಳು ಅವಳ ಕಿವಿಯ ತನಕ ಬರುವುದೇ ಇಲ್ಲ. ಉಳಿದದ್ದನ್ನು ನಮ್ಮ ತುಟಿ ನೋಡಿ ತುಂಬಿಕೊಳ್ಳುತ್ತಾಳೆ. ಹಿಂದಿನಿಂದ ಮಾತಾಡಿಸಿದರೆ ಇಲ್ಲ, ಮುಂದೆ ಕೂತು ಮಾತಾಡಿಸಿದರೆ ಪಟಪಟ ಉತ್ತರ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮುಚ್ಚಿಟ್ಟುಕೊಂಡು ಮುಂದೆ ಹೋದರೆ ಈ ಬರಹವೇ ಸುಳ್ಳಾಗುತ್ತದೆ. ಮೈಸೂರಿನಿಂದ ಬಂದ ರಾತ್ರಿ ಅಡಿಗೆಮನೆಯಲ್ಲಿ ನಾನು ಸೊಸೆಗೆ ಅಂದುಬಿಟ್ಟೆ, “ಹೊಟ್ಟೇಲಿ ಮಗು ಇಟ್ಕೊಂಡು ಹಗಲೂ ರಾತ್ರಿ ಆ ಕಂಪ್ಯೂಟರ್ ಮುಂದೆ ಕೂತಿದ್ದೆಯಲ್ಲ, ಇನ್ನೇನಾಗುತ್ತೆ.” ಅವಳು ತಿರುಗಿ ಒಂದು ಮಾತು ಆಡಲಿಲ್ಲ. ತೊಳೆಯುತ್ತಿದ್ದ ಪಾತ್ರೆ ತೊಳೆದು ಬೋರಲು ಹಾಕಿ ಹೋದಳು.

ಕಂಪ್ಯೂಟರಿಗೂ ಕಿವಿಗೂ ಸಂಬಂಧ ಇಲ್ಲ ಅಂತ ಡಾಕ್ಟರು ಮುಂದಿನ ಸಲವೇ ಬಿಡಿಸಿ ಹೇಳಿದರು. ಹುಟ್ಟುಕಿವುಡು ಎಷ್ಟೋ ಮಕ್ಕಳಿಗೆ ವಂಶವಾಹಿಯಿಂದ ಬರುತ್ತದೆ, ತಂದೆ ತಾಯಿ ಇಬ್ಬರಿಗೂ ಕಿವಿ ಚೆನ್ನಾಗಿದ್ದರೂ ಬರಬಹುದು, ಸಂಬಂಧದಲ್ಲಿ ಮದುವೆಯಾದರೆ ಆ ಸಂಭವ ಹೆಚ್ಚು. “ನಿಮ್ಮದು ಸಂಬಂಧದಲ್ಲೇ ಮದುವೆಯೇನಮ್ಮ?” ಅಂತ ಕೇಳಿದರು. ಸೊಸೆ ನನ್ನ ಅಣ್ಣನ ಮಗಳು. ಹುಡುಗ ಹುಡುಗಿ ಇಬ್ಬರೂ ಅನುಮಾನಿಸುತ್ತಿದ್ದಾಗ ಹಟ ಹಿಡಿದು ಮದುವೆ ಮಾಡಿಸಿದವಳು ನಾನೇ. ಅಲ್ಲಿ ಕೂತಿದ್ದ ಮೂವರಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಅಂದಿದ್ದ ಮಾತನ್ನು ವಾಪಸು ತಗೊಳ್ಳಬೇಕು ಅಂತ ಎಷ್ಟೋ ಸಲ ಬಾಯಿ ತನಕ ಬಂತು. ಬರುತ್ತಿತ್ತು, ನುಂಗುತ್ತಿದ್ದೆ. ಅತ್ತೆಯಂದಿರ ಬಾಯಿ ನಿಮಗೆ ಗೊತ್ತಲ್ಲ, ಅನ್ನುವುದಕ್ಕೆ ಇರುವ ಸಲೀಸು ಒಪ್ಪಿಕೊಳ್ಳುವುದಕ್ಕೆ ಇರುವುದಿಲ್ಲ.

ಪುಟ್ಟಿ ಆಗ ಒಂದನೇ ಕ್ಲಾಸು. ಶಾಲೆ ಮುಚ್ಚಿತ್ತು. ಶಾಲೆಯವರು ಮೊಬೈಲಿಗೆ ಪಾಠ ಕಳಿಸುತ್ತಿದ್ದರು, ಅದೇ ಸ್ಲೈಡಿನ ಪಾಠ, ಅದೇ ತರಹದ ಬೊಂಬೆ ಟೀಚರು. ಮಗು ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು ಆ ಬೊಂಬೆಯ ಬಾಯನ್ನೇ ನೋಡುತ್ತಾ ಕೂತಿರುತ್ತಿತ್ತು. ಒಂದು ದಿನ ಕೇಳಿದಳು, “ಅಜ್ಜೀ, ಈ ಆಂಟಿ ಯಾಕೆ ಬರೀ ಆ ಆ ಆ ಅಂತಾಳೆ?”

ನಾನು ಬಗ್ಗಿ ನೋಡಿದೆ. ಧ್ವನಿ ‘ಮರದಲ್ಲಿ ಮಾವಿನ ಹಣ್ಣು’ ಅನ್ನುತ್ತಿದೆ. ಬಾಯಿ ಮಾತ್ರ ಮೀನಿನ ಹಾಗೆ ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು. ಕಿವಿ ಕೇಳುವ ನಮಗೆ ಅದು ಮಾತಾಡಿದ ಹಾಗೇ ಕಾಣುತ್ತದೆ. ನಮ್ಮ ಕಿವಿ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಮಗುವಿಗೆ ಆ ಮೋಸ ಇಲ್ಲ.

ಬಾಗಿಲಲ್ಲಿ ನಿಂತು ಸೊಸೆ ಇದನ್ನು ಕೇಳಿಸಿಕೊಂಡಳು. ಅವಳ ಮೇಜಿನ ಮೇಲೂ ಆ ಹೊತ್ತಿಗೆ ಒಂದು ಬೊಂಬೆ ಹಾಗೇ ಬಾಯಿ ಬಡಿಯುತ್ತಾ ನಿಂತಿತ್ತು. ಅವಳೇ ಆಮೇಲೆ ಹೇಳಿದಳು: ತೆರೆದ ಬಾಯಿ ಒಂದು ಚಿತ್ರ, ಮುಚ್ಚಿದ ಬಾಯಿ ಒಂದು ಚಿತ್ರ. ಧ್ವನಿ ಇರುವಷ್ಟು ಹೊತ್ತು ಎರಡನ್ನೂ ಅದಲು ಬದಲು ಮಾಡುತ್ತಾ ಇರುವುದು. ಕೆಲಸ ಬೇಗ ಮುಗಿಯುತ್ತದೆ, ಕೊಡುವ ದಿನವೂ ಅಷ್ಟೇ. ಆ ರಾತ್ರಿ ಅವಳು ಊಟಕ್ಕೆ ಬರಲಿಲ್ಲ.

ಮಾರನೆಯ ದಿನ ಊಟದ ಪಾತ್ರೆ ಎತ್ತಿಟ್ಟ ಮೇಲೆ ನನ್ನನ್ನು ಕೋಣೆಗೆ ಕರೆದಳು. “ಅತ್ತೆ, ಇಲ್ಲಿ ಕೂತ್ಕೊಳ್ಳಿ. ಪಾನಕ ಮಾಡೋದು ಹೇಗೆ ಅಂತ ಹೇಳಿ. ನಿಧಾನವಾಗಿ, ನನ್ನ ಕಡೆ ನೋಡ್ಕೊಂಡು.” ನಾನೇ ಯಾಕೆ ಅಂದೆ. “ಪುಟ್ಟಿಗೆ ನಿಮ್ಮ ಮಾತು ತಿಳಿಯೋಷ್ಟು ನನ್ನ ಮಾತು ತಿಳಿಯಲ್ಲ. ನಾನು ಓಡಿಸ್ತೀನಿ.” ಮಗುವಿಗೆ ಒಂದು ಪಾಠವನ್ನು ತಾನೇ ಮಾಡಿಕೊಡಬೇಕು ಅಂತ ಅವಳಿಗೆ ಬಂದಿತ್ತು. ಹಗಲು ಕಂಪನಿಯ ಕೆಲಸ, ರಾತ್ರಿ ಇದು.

ನನ್ನ ಬಾಯಿಯನ್ನು ಮೊಬೈಲಿನಲ್ಲಿ ಹಿಡಿದು, ಒಂದೊಂದು ಚಿತ್ರವಾಗಿ ಬಿಡಿಸಿ ನೋಡುತ್ತಿದ್ದಳು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವಂತೆ. ಕಾರ್ಟೂನು ಬರೆಯುವವರು ಎಷ್ಟೋ ಸಲ 12ರಲ್ಲೇ ಸಾಗಿಸುತ್ತಾರೆ, ಕಣ್ಣಿಗೆ ಅಷ್ಟು ಸಾಕು. ಬಾಯಿಯ ಆಕಾರಗಳಿಗೆ ಅವರ ಹತ್ತಿರ ಒಂದು ಪಟ್ಟಿಯೂ ಇದೆ, ಎಂಟು ಹತ್ತು ಬಾಯಿಗಳದ್ದು. ಆದರೆ ಅದು ಇಂಗ್ಲಿಷಿನ ಬಾಯಿ. ನಮ್ಮ ಕನ್ನಡಕ್ಕೆ ಹೇಗೆ ಅಂತ ಅವಳು ತಲೆ ಕೆರೆದುಕೊಳ್ಳುತ್ತಿದ್ದಾಗ ನನಗೆ ಹೈಸ್ಕೂಲಿನ ವ್ಯಾಕರಣ ನೆನಪಾಯಿತು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ! ಬಾಯಿಪಾಠ ಮಾಡಿ ಮರೆತಿದ್ದದ್ದು. ನೋಡಿ, ನಮ್ಮ ಹಿರಿಯರು ಅಕ್ಷರಗಳನ್ನು ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತವೆ ಅಂತ ನೋಡಿಯೇ ಸಾಲಾಗಿ ಕೂರಿಸಿದ್ದಾರೆ. ‘ಕ, ಗ’ ಗಂಟಲ ಹತ್ತಿರ, ಹೊರಗೆ ಏನೂ ಕಾಣುವುದಿಲ್ಲ. ‘ಚ, ಟ’ ನಾಲಿಗೆಯ ಆಟ, ಅರೆಬರೆ ಕಾಣುತ್ತದೆ. ‘ಪ, ಬ, ಮ’ ತುಟಿಯವು, ಚೆನ್ನಾಗಿ ಕಾಣುತ್ತವೆ. ‘ಆ’ ಅಂದರೆ ತೆರೆದ ಬಾಯಿ, ‘ಈ’ ಅಂದರೆ ಎಳೆದ ಬಾಯಿ, ‘ಊ’ ಅಂದರೆ ದುಂಡು. ‘ವ’ ಅನ್ನುವಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗುತ್ತದೆ. ಒಟ್ಟು ಒಂಬತ್ತು ಬಾಯಿ ಬರೆದಳು. ಒಂಬತ್ತನ್ನೂ ಬೊಂಬೆಯ ಮುಖದ ಮೇಲೆ ಒಂದೇ ಜಾಗದಲ್ಲಿ ಪೇರಿಸಿ, ಯಾವುದು ಯಾವ ಗಳಿಗೆಗೆ ಕಾಣಬೇಕು ಅಂತ ಹೊತ್ತು ಗೊತ್ತು ಮಾಡುವುದು. ಹತ್ತು ಮಾತಿನ ಒಂದು ಸ್ಲೈಡಿಗೆ ಎರಡು ರಾತ್ರಿ ಹಿಡಿಯಿತು.

ತುಟಿ ಕೂಡುವುದು ಧ್ವನಿಗಿಂತ ಒಂದು ಕೂದಲೆಳೆ ಮುಂಚೆ ಬರಬೇಕು ಅಂತ ಕಲಿತದ್ದೂ ಆಗಲೇ. ಸರಿಯಾಗಿ ಧ್ವನಿಯ ಜೊತೆಗೇ ಇಟ್ಟರೆ ತಡವಾದ ಹಾಗೆ ಕಾಣುತ್ತದೆ. ‘ಬೆಲ್ಲ’ ಅನ್ನುವಾಗ ತುಟಿ ಮೊದಲು ಕೂಡಿದರೆ ತಾನೇ ಶಬ್ದ ಬರುವುದು!

ಮೊದಲನೇ ಬೊಂಬೆ ನೋಡಿ ಪುಟ್ಟಿ “ದೆವ್ವ!” ಅಂತ ಚೀರಿದಳು. ಬಾಯಿ ಅತಿಯಾಗಿ ಆಡುತ್ತಿತ್ತು, ಕಣ್ಣು ಮಿಟುಕುತ್ತಿರಲಿಲ್ಲ. ನಾವು ಮನುಷ್ಯರು ಮಿನಿಟಿಗೆ 15-20 ಸಲ ರೆಪ್ಪೆ ಬಡಿಯುತ್ತೇವೆ. ಬಡಿಯದಿದ್ದರೆ ಹೆಣದ ಕಣ್ಣು. ಎರಡನೇ ಬೊಂಬೆಗೆ ರೆಪ್ಪೆ ಬಂತು. ಅಲ್ಲಾಡುವ ಜುಮುಕಿಯೂ ಬಂತು, ಹಿಂದೆ ಒಂದು ಗಿಳಿಯೂ ಬಂತು. ಜುಮುಕಿ ನನ್ನ ಸಲಹೆ, ಒಪ್ಪಿಕೊಳ್ಳುತ್ತೇನೆ. ಪುಟ್ಟಿ ಪಾಠ ಮುಗಿಯುವ ತನಕ ಜುಮುಕಿ, ಗಿಳಿ ಇವೆರಡನ್ನೇ ನೋಡಿದಳು. ಅಮೆರಿಕದ ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಪಾಠದಲ್ಲಿ ಬೇಡದ ಅಲಂಕಾರ ಇದ್ದಷ್ಟೂ ಕಲಿಕೆ ಕಡಿಮೆ ಅಂತ ಪರೀಕ್ಷೆ ಮಾಡಿ ತೋರಿಸಿದ್ದಾರಂತೆ. ನನಗೆ ನಮ್ಮೂರ ಜಾತ್ರೆಯ ಸೂತ್ರದ ಬೊಂಬೆಯಾಟ ನೆನಪಾಯಿತು. ಆ ಬೊಂಬೆಗಳಿಗೆ ಬಾಯಿ ಆಡುತ್ತಿರಲಿಲ್ಲ. ಆದರೂ ಯಾರು ಮಾತಾಡುತ್ತಿದ್ದಾರೆ ಅಂತ ನಮಗೆ ತಿಳಿಯುತ್ತಿತ್ತು. ಮಾತಿದ್ದ ಬೊಂಬೆ ಮಾತ್ರ ಕುಣಿಯುತ್ತಿತ್ತು, ಮಿಕ್ಕವು ಕಂಬದ ಹಾಗೆ ನಿಂತಿರುತ್ತಿದ್ದವು. ಗಿಳಿಯನ್ನು ಹಾರಿಸಿಬಿಟ್ಟೆವು.

ಬಾಯಿ ಎಷ್ಟು ಚೆನ್ನಾಗಿ ಆಡಿದರೂ ತುಟಿಯಿಂದ ಎಲ್ಲ ತಿಳಿಯುವುದಿಲ್ಲ. ‘ಪರ, ಬರ, ಮರ’ ಕನ್ನಡಿಯಲ್ಲಿ ಹೇಳಿ ನೋಡಿ, ಮೂರೂ ಒಂದೇ. ಅದಕ್ಕೇ ಬೊಂಬೆ ಮೊದಲು ಬೆಲ್ಲದ ಕಡೆ ನೋಡುತ್ತದೆ, ಆಮೇಲೆ ಕೈ ತೋರಿಸುತ್ತದೆ, ಆಮೇಲೆ ಹೆಸರು ಹೇಳುತ್ತದೆ. ಕೆಳಗೆ ಅಕ್ಷರದಲ್ಲೂ ಬರುತ್ತದೆ.

ತುಟಿ ನೋಡಿ ಎಷ್ಟು ತಿಳಿಯುತ್ತದೆ ಅಂತ ಸೊಸೆ ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ನಾನು ಧ್ವನಿ ಬಿಡದೆ ಏನಾದರೂ ಹೇಳಬೇಕು, ಅವಳು ಹೇಳಬೇಕು ಅದೇನು ಅಂತ. ‘ಮಾವಿನಕಾಯಿ’, ‘ಹಾಲು ಉಕ್ಕಿತು’, ಇಂಥವೇ. ಒಂದು ರಾತ್ರಿ ಹನ್ನೊಂದು ದಾಟಿತ್ತು. ಎಲ್ಲರೂ ಮಲಗಿದ್ದರು. ಅವಳು ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು, ಮೂರಡಿ ದೂರದಲ್ಲಿ. ನಾಲ್ಕು ವರ್ಷದಿಂದ ಅವಳು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಯಾಕೋ, ಧ್ವನಿಯಿಲ್ಲದೆ ನನ್ನ ಬಾಯಿ ಆಡಿತು: “ತಪ್ಪಾಯ್ತು.”

ಅವಳು ಹುಬ್ಬು ಗಂಟಿಕ್ಕಿದಳು. “ತುಪ್ಪ ಆಯ್ತು ಅಂದ್ರಾ ಅತ್ತೆ? ಮೊನ್ನೆ ತಾನೆ ಕಾಯಿಸಿದ್ವಲ್ಲ.”

ನಗು ಬಂತು, ಅಳುವೂ ಬಂತು. “ತುಪ್ಪ ಅಲ್ಲ ಕಣೆ,” ಅಂದೆ, ಈಗ ಧ್ವನಿ ಬಿಟ್ಟು. “ಅವತ್ತು ಅಡಿಗೆಮನೇಲಿ ಅಂದೆನಲ್ಲ, ಅದು.” ಅವಳು ಬಹಳ ಹೊತ್ತು ಪರದೆಯ ಕಡೆ ತಿರುಗಿಕೊಂಡು ಬೊಂಬೆಯ ರೆಪ್ಪೆ ಸರಿ ಮಾಡುತ್ತಿದ್ದಳು. ಆಮೇಲೆ, “‘ತ’ಗೂ ‘ತು’ಗೂ ಬಾಯಿ ಬೇರೆ ಬೇರೆ ಬರಬೇಕಿತ್ತು ಅತ್ತೆ. ನಿಮ್ಮದು ನಡುಗ್ತಿತ್ತು,” ಅಂದಳು. “ಹೋಗಿ ಮಲಗಿ, ಬೆಳಿಗ್ಗೆ ಹಾಲಿನವನು ಬೇಗ ಬರ್ತಾನೆ.” ನನ್ನ ಹೊದಿಕೆಯನ್ನು ಅವಳೇ ಬಂದು ಸರಿಮಾಡಿ ಹೋದಳು.

2021ರ ರಾಮನವಮಿಯ ದಿನ ಪಾಠ ಪೂರ್ತಿಯಾಗಿತ್ತು. ಪುಟ್ಟಿ ಅಡಿಗೆಮನೆಯ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಯಾರೂ ಹತ್ತಿರ ಬರಕೂಡದು ಅಂತ ಕೈ ಆಡಿಸಿ, ಬೊಂಬೆ ಹೇಳಿದ ಹಾಗೆ ಮಾಡಿದಳು. ಒಂದು ಲೋಟ ಪುಡಿ ಬೆಲ್ಲಕ್ಕೆ ನಾಲ್ಕು ಲೋಟ ನೀರು, ಅರ್ಧ ನಿಂಬೆಹಣ್ಣು, ಎರಡು ಏಲಕ್ಕಿ. ಎಲ್ಲಾ ಸರಿ. ಚಿಟಿಕೆ ಕಾಳುಮೆಣಸಿನ ಪುಡಿ ಅನ್ನುವಲ್ಲಿ ಮಾತ್ರ ಎಡವಟ್ಟಾಯಿತು. ‘ಚಿಟಿಕೆ’ಯಲ್ಲಿ ತುಟಿಗೆ ಕೆಲಸವೇ ಇಲ್ಲ, ಎಲ್ಲಾ ಒಳಗೇ. ಅಕ್ಷರ ಇತ್ತು, ಆದರೆ ಚಿಟಿಕೆ ಅಂದರೆ ಎಷ್ಟು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಚಮಚದ ತುಂಬಾ ಹಾಕಿದ್ದಾಳೆ! ನಮ್ಮೆಜಮಾನರು ಒಂದು ಲೋಟ ಪೂರ್ತಿ ಕುಡಿದು, ಕಣ್ಣಲ್ಲಿ ನೀರು ಸುರಿಸಿಕೊಂಡು, “ಬಹಳ ಚೆನ್ನಾಗಿದೆ ಮಗಳೇ,” ಅಂದರು. ಆ ರಾತ್ರಿ ಸೊಸೆ ನನ್ನ ಹೆಬ್ಬೆರಳು ತೋರುಬೆರಳು ಹಿಡಿದು ಫೋಟೋ ತೆಗೆದಳು, ಬೊಂಬೆ ಚಿಟಿಕೆ ಹಿಡಿದು ತೋರಿಸಲಿ ಅಂತ.

ಅವಳ ಕಂಪನಿಯವರು ಒಂಬತ್ತು ಬಾಯಿಗೆ ಬೇಕಾದಷ್ಟು ದಿನ ಕೊಡಲಿಲ್ಲ. ಪ್ರತಿ ಸ್ಲೈಡಿನ ಕೆಳಗೂ ಮಾತನ್ನು ಅಕ್ಷರದಲ್ಲಿ ಹಾಕುವುದಕ್ಕೆ ಮಾತ್ರ ಒಪ್ಪಿದರು. ಅದೂ ಅವಳು ಮೂರು ಸಲ ಕೇಳಿದ ಮೇಲೆ.

ಪಾನಕದ ಪಾಠವನ್ನು ಪುಟ್ಟಿ ಆ ಬೇಸಿಗೆಯಲ್ಲಿ ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಒಂದು ಸಂಜೆ ನಾನು ಬತ್ತಿ ಹೊಸೆಯುತ್ತಾ ಕೂತಿದ್ದೆ. ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, “ಬೆಲ್ಲ ಅನ್ನು ಅಜ್ಜಿ,” ಅಂದಳು. ಅಂದೆ. ಬೆರಳಿನಿಂದ ನನ್ನ ತುಟಿ ಮುಟ್ಟಿ ನೋಡಿ ಒಳಗೆ ಓಡಿದಳು. “ಅಮ್ಮಾ, ಬೊಂಬೆಗೆ ಅಜ್ಜಿ ಬಾಯಿ ಹಾಕಿದ್ದೀಯ!”