ಅಡಿ ಬರೆದಿಡುವವರು

ಬೀಚನಹಳ್ಳಿಯ ಕಬಿನಿ ಡ್ಯಾಮ್ ಭರ್ತಿಯಾದರೆ ಮುಖ್ಯಮಂತ್ರಿಗಳು ಬಾಗಿನ ಕೊಡ್ತಾರೆ, ಮರುದಿನ ಪೇಪರ್‌ನಲ್ಲಿ ಫೋಟೋ. ಆದರೆ 1974ರಿಂದ ನಿಂತಿರುವ ಈ ಅಣೆಕಟ್ಟೆಯಲ್ಲಿ ದಿನಾ ನೀರಿನ ಮಟ್ಟ ನೋಡಿ ಬರೆದಿಡುವ ಸಿಬ್ಬಂದಿಯ ಮುಖ ಯಾವ ಪೇಪರ್‌ನಲ್ಲೂ ಬರಲ್ಲ.

ಗರಿಷ್ಠ ಮಟ್ಟ 2284 ಅಡಿ. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು? ನೋಡೋದು, ಬರೆಯೋದು, ಮೇಲಿನವರಿಗೆ ತಿಳಿಸೋದು. ಬೇಸಿಗೆಯಲ್ಲಂತೂ ನಿನ್ನೆಗೂ ಇವತ್ತಿಗೂ ಹೆಚ್ಚು ವ್ಯತ್ಯಾಸವೇ ಇರಲ್ಲ. ಹೊರಗಿನವರಿಗೆ ಇದಕ್ಕಿಂತ ಬೇಸರದ ಕೆಲಸ ಇಲ್ಲ ಅನ್ನಿಸಬಹುದು.

ನದಿ ಹುಟ್ಟೋ ವಯನಾಡಿನಲ್ಲಿ ಮಳೆ ಹಿಡೀಲಿ, ಆಗ ಗೊತ್ತಾಗುತ್ತೆ. ಎಷ್ಟು ನೀರು ಬಿಡಬೇಕು ಅನ್ನೋ ತೀರ್ಮಾನ ಇದೇ ಅಂಕಿಯ ಮೇಲೆ ನಿಂತಿದೆ. ಕೆಳಗೆ ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತಾ ಅಂತ ಜನ ಕಾಯ್ತಿರ್ತಾರೆ. ನಾಲೆ ಕೊನೆಯ ರೈತ ಈ ಸಲ ಭತ್ತದ ಒಟ್ಲು ಹಾಕೋದೋ ಬೇಡವೋ ಅಂತ ಲೆಕ್ಕ ಹಾಕೋದೂ ಇದನ್ನೇ ನೋಡಿ.

‘ಕೆಲಸವನ್ನು ಪ್ರೀತಿಸಿ’ ಅನ್ನೋ ಭಾಷಣ ನನಗೆ ಅಷ್ಟಾಗಿ ಹಿಡಿಸಲ್ಲ (ಹೇಳೋರಿಗೆ ಸಾಮಾನ್ಯವಾಗಿ ನೈಟ್ ಡ್ಯೂಟಿ ಇರಲ್ಲ). ಪ್ರೀತಿ ಬೇಡ ಬಿಡಿ. ನಾನು ಬರೆದ ಅಂಕಿಯನ್ನು ನಂಬಿ ಇನ್ನೊಬ್ಬ ಗದ್ದೆಗೆ ಇಳೀತಾನೆ ಅಂತ ಗೊತ್ತಿದ್ದರೆ, ಅಂದಾಜಿಗೆ ಗೀಚೋಕೆ ಕೈ ಬರಲ್ಲ.